ಕುದುರೆಮುಖದ ತುದಿಗೆ: ಹತ್ತುವ ಮುಂಚೆ ಇಳಿಯುವ ಲೆಕ್ಕ ಹಾಕಿ

ಕುದುರೆಮುಖ ಶಿಖರಕ್ಕೆ ಹೋಗಬೇಕು ಅನ್ನುವವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಹತ್ತೋದು ಕಷ್ಟಾನಾ?" ಕಷ್ಟವೇ. ಶಿಖರದ ಎತ್ತರ ಸುಮಾರು 1,890 ಮೀಟರ್. ನಡಿಗೆ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ತುದಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಅಷ್ಟನ್ನೂ ಒಂದೇ ಹಗಲಲ್ಲಿ ಮುಗಿಸಬೇಕು, ಯಾಕಂದ್ರೆ ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟು ಹಾಕಿ ರಾತ್ರಿ ಕಳೆಯಲು ಬಿಡುವುದಿಲ್ಲ. ಆದರೆ ಈ ದಾರಿಯಲ್ಲಿ ಹತ್ತುವಾಗ ಸೋತು ಕೂತವರಿಗಿಂತ ಇಳಿಯುವಾಗ ಮಂಡಿ ಹಿಡಿದು ಕೂತವರೇ ಜಾಸ್ತಿ ಕಾಣುತ್ತಾರೆ. ತುದಿ ಮುಟ್ಟಿದಾಗ ಮುಗಿದಿರುವುದು ಅರ್ಧ ದಾರಿ. ಉಳಿದ ಅರ್ಧಕ್ಕೆ ಕಾಲು, ನೀರು, ಬೆಳಕು ಮೂರೂ ಉಳಿದಿರಬೇಕು.

ಅದಕ್ಕೇ ಇಲ್ಲಿ ಹೇಳುವುದೆಲ್ಲ ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿದ ಮಾತು. ಮೊದಲ ಸಲ ಹೋಗುವವರಿಗೆ, ಅದರಲ್ಲೂ ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ, ಇದು ಉಪಯೋಗಕ್ಕೆ ಬರಲಿ.

ಅನುಮತಿ ಮತ್ತು ದಿನ

ಇದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚಿತವಾಗಿ ಬುಕ್ ಮಾಡಬೇಕು. ದಿನಕ್ಕೆ 300 ಜನರ ಮಿತಿ ಇದೆ. ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತದೆ. ಸಾಧ್ಯವಾದರೆ ವಾರದ ನಡುವೆ ಬನ್ನಿ. ಕಡಿದಾದ ಜಾಗಗಳಲ್ಲಿ ಸಾಲುಗಟ್ಟಿ ನಿಲ್ಲುವುದು ತಪ್ಪುತ್ತದೆ. ಬುಕ್ ಮಾಡಿದ ಚೀಟಿ, ಅದರಲ್ಲಿ ಕೊಟ್ಟ ಗುರುತಿನ ಚೀಟಿ ಎರಡೂ ಜೊತೆಯಲ್ಲಿರಲಿ. ಅರಣ್ಯದ ಗೈಡ್ ಜೊತೆಗೇ ಹೋಗಬೇಕು. ಇದನ್ನು ಬರೀ ಕಾಟಾಚಾರ ಅಂದುಕೊಳ್ಳಬೇಡಿ. ಮಂಜು ಕವಿದಾಗ ಇಡೀ ಗುಡ್ಡದಲ್ಲಿ ದಾರಿ ಗೊತ್ತಿರುವುದು ಅವರೊಬ್ಬರಿಗೇ.

ಕಾಲದ ವಿಷಯ. ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಸಮಯ. ಹಳ್ಳದಲ್ಲಿ ನೀರಿರುತ್ತದೆ, ಹುಲ್ಲು ಹಸಿರಿರುತ್ತದೆ, ಬಿಸಿಲು ಅಷ್ಟು ಸುಡುವುದಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾದಾಗ ಇಲಾಖೆ ದಾರಿ ಮುಚ್ಚುವುದುಂಟು. ಜೋರು ಮಳೆಯಲ್ಲೂ ಹಾಗೆ. ಜೂನ್, ಜುಲೈನ ಫೋಟೋ ನೋಡಿ ಆಸೆಪಡುವವರು ಬಹಳ ಜನ. ಆಗ ಹಳ್ಳ ತುಂಬಿ ಹರಿಯುತ್ತದೆ, ದಾರಿಯೆಲ್ಲ ಜಾರುತ್ತದೆ, ತುದಿಯಲ್ಲಿ ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ. ಮೊದಲ ಸಲದವರಿಗೆ ಅದು ಬೇಡ.

ಕಾಲಿಗೆ ಆರು ವಾರ

ಬೆಟ್ಟ ಹತ್ತಲು ಉಸಿರು ಬೇಕು, ಇಳಿಯಲು ತೊಡೆ ಬೇಕು. ಹತ್ತುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರವನ್ನು ತಡೆದು ಹಿಡಿಯುತ್ತಾ, ಅದೇ ಹೊತ್ತಿಗೆ ಉದ್ದವಾಗುತ್ತಾ ಹೋಗುತ್ತದೆ. ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು ಈ ಎರಡನೇ ಕೆಲಸದಲ್ಲೇ. ಬಯಲುಸೀಮೆಯ ಸಪಾಟು ರಸ್ತೆಯಲ್ಲಿ ದಿನಾ ಐದು ಕಿಲೋಮೀಟರ್ ನಡೆಯುವವರೂ ಮಲೆನಾಡಿನ ಇಳಿಜಾರಿನಲ್ಲಿ ನಡುಗುವುದು ಇದಕ್ಕೇ. ಆ ನಡಿಗೆಯಲ್ಲಿ ತೊಡೆಗೆ ಈ ಅಭ್ಯಾಸ ಆಗಿರುವುದಿಲ್ಲ.

ಪರಿಹಾರ ಸುಲಭ, ಖರ್ಚೂ ಇಲ್ಲ. ಮೆಟ್ಟಿಲು ಹುಡುಕಿ. ಮನೆಯಲ್ಲೋ ಆಫೀಸಿನಲ್ಲೋ ನಾಲ್ಕು ಮಹಡಿ ಇದ್ದರೆ ಸಾಕು. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಹತ್ತಿ ಇಳಿಯಿರಿ. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ, ಈ ತಯಾರಿಯಲ್ಲಿ ಮುಖ್ಯವಾದದ್ದೇ ಅದು. ನಿಧಾನವಾಗಿ, ಹೆಜ್ಜೆಯ ಸದ್ದು ಬಾರದ ಹಾಗೆ ಇಳಿಯಿರಿ. ಸದ್ದು ಬಂದರೆ ಭಾರ ಮಂಡಿಯ ಮೇಲೆ ಬಿತ್ತು ಅಂತ ಅರ್ಥ. ಮೂರನೇ ವಾರದಿಂದ ಬೆನ್ನಿಗೆ ನಾಲ್ಕೈದು ಕೆಜಿಯ ಚೀಲ ಹಾಕಿಕೊಳ್ಳಿ.

ಹಾಸನದ ಕಡೆಯವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ ಇದೆ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬರಿಗಾಲಲ್ಲಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹತ್ತಿ, ಗೊಮ್ಮಟನ ದರ್ಶನ ಮಾಡಿ, ಇಳಿಯುವಾಗ ಪ್ರತಿ ಮೆಟ್ಟಿಲನ್ನೂ ಗಮನಿಸಿ ಇಳಿಯಿರಿ. ಅಂಗಾಲಿಗೂ ಇದು ಒಳ್ಳೆಯ ಅಭ್ಯಾಸ. ಚಿಕ್ಕಮಗಳೂರಿನವರಿಗೆ ಮುಳ್ಳಯ್ಯನಗಿರಿ ಹತ್ತುವ ಸರ್ಪದಾರಿ ಹತ್ತಿರದಲ್ಲೇ ಇದೆ. ಮುಳ್ಳಯ್ಯನಗಿರಿಗೆ ಕಾರಿನಲ್ಲಿ ಹೋಗಿ ಕೊನೆಯ ಮೆಟ್ಟಿಲು ಮಾತ್ರ ಹತ್ತುವವರೇ ಹೆಚ್ಚು. ಕೆಳಗಿನ ಕಮಾನಿನಿಂದ ಸರ್ಪದಾರಿ ಹಿಡಿದು ನಡೆದರೆ ಏರು ಶುರುವಿನಿಂದಲೇ ಎದೆಗೆ ಬರುತ್ತದೆ. ದಾರಿ ಹಾವಿನ ಹಾಗೆ ಹೊರಳುತ್ತಾ ಗುಡ್ಡದ ಬೆನ್ನೇರುತ್ತದೆ, ನೆರಳು ಅನ್ನುವುದೇ ಇಲ್ಲ. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ದೂರ ಮಾತ್ರ ಕುದುರೆಮುಖಕ್ಕಿಂತ ಎಷ್ಟೋ ಕಡಿಮೆ. ಆ ಭಾಗದ ಪ್ರವೇಶಕ್ಕೆ ಆಗ ಏನು ನಿಯಮ ಇದೆ ಅಂತ ನೋಡಿಕೊಂಡು ಹೊರಡಿ.

ಪರೀಕ್ಷೆ ಹೀಗೆ ಮಾಡಿ: ಹೊರಡಲು ಎರಡು ವಾರ ಇರುವಾಗ ಸರ್ಪದಾರಿ ಹತ್ತಿ, ಅದೇ ದಾರಿಯಲ್ಲೇ ಇಳಿಯಿರಿ. ಮಾರನೇ ದಿನ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಯಿತೇ? ಹಾಗಾದರೆ ಕುದುರೆಮುಖವನ್ನು ಒಂದು ತಿಂಗಳು ಮುಂದೂಡಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಎದೆನೋವು, ರಕ್ತದೊತ್ತಡ, ಆಸ್ತಮಾ, ಹಳೆಯ ಮಂಡಿ ಪೆಟ್ಟು ಇದ್ದವರು ಡಾಕ್ಟರ ಹತ್ತಿರ ಕೇಳದೆ ಬರಲೇಬೇಡಿ.

ಶೂ ಮತ್ತು ಚೀಲ

ಹೊಸ ಶೂ ಬೇಡ. ಅಂಗಡಿಯಿಂದ ತಂದ ಶೂವನ್ನು ಕನಿಷ್ಠ ಮೂರು ವಾರ ಹಾಕಿ ಓಡಾಡಿರಬೇಕು. ತಳದಲ್ಲಿ ಆಳವಾದ ಗೆರೆಗಳಿರಲಿ. ಮುಂದೆ ಹೆಬ್ಬೆರಳಿನ ಎದುರು ಒಂದು ಬೆರಳಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಯುವಾಗ ಉಗುರು ಶೂಗೆ ಬಡಿದು ಬಡಿದು ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿ. ಕಾಟನ್ ಸಾಕ್ಸ್ ಒದ್ದೆಯಾದರೆ ಒಣಗುವುದಿಲ್ಲ, ಬೊಬ್ಬೆ ಏಳುತ್ತದೆ. ಬೇಗ ಒಣಗುವ ಸಾಕ್ಸ್ ಎರಡು ಜೊತೆ ಇರಲಿ. ಜೀನ್ಸ್ ಪ್ಯಾಂಟಂತೂ ಬೇಡವೇ ಬೇಡ. ನೆನೆದರೆ ಭಾರ, ಮಂಡಿ ಮಡಚಲು ಬಿಡುವುದಿಲ್ಲ.

ನೀರು ಒಬ್ಬೊಬ್ಬರಿಗೆ ಎರಡರಿಂದ ಮೂರು ಲೀಟರ್. ಸುಮ್ನೆ ನೀರೇ ಕುಡಿಯುತ್ತಾ ಹೋದರೆ ಬೆವರಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ತಿನ್ನಲು ಕಡಲೆಬೀಜ, ಚಿಕ್ಕಿ, ಖರ್ಜೂರ, ಬಾಳೆಹಣ್ಣು. ಮಧ್ಯಾಹ್ನಕ್ಕೆ ಚಿತ್ರಾನ್ನ, ಪುಳಿಯೋಗರೆ ಥರದ ಕೆಡದ ಬುತ್ತಿ. ಹೋಮ್‌ಸ್ಟೇಯಲ್ಲಿ ಹೇಳಿದರೆ ಕಟ್ಟಿಕೊಡುತ್ತಾರೆ. ಸ್ಟೀಲ್ ಡಬ್ಬಿ ಕೊಟ್ಟು ಅದರಲ್ಲೇ ಹಾಕಿಸಿಕೊಳ್ಳಿ. ಪ್ಲಾಸ್ಟಿಕ್ ಕವರು ಒಳಗೆ ಒಯ್ಯಬಾರದು. ನಾವು ಬಿಟ್ಟು ಬಂದ ಬಿಸ್ಕತ್ತಿನ ಕವರು ಕಡವೆಯ ಹೊಟ್ಟೆ ಸೇರಬಹುದು, ಅಲ್ವಾ?

ಇನ್ನುಳಿದದ್ದು: ಹಗುರವಾದ ಮಳೆಕೋಟು, ಒಂದು ಸ್ವೆಟರ್, ಟೋಪಿ, ತಲೆಗೆ ಕಟ್ಟುವ ಟಾರ್ಚ್, ಬ್ಯಾಂಡೇಜ್, ನೋವಿನ ಸ್ಪ್ರೇ, ವಿಷಲ್, ನಿಮ್ಮ ಮಾಮೂಲಿ ಮಾತ್ರೆ. ಬೆಳಿಗ್ಗೆ ಬಿಸಿಲಿದೆ ಅಂತ ಸ್ವೆಟರ್ ಬಿಟ್ಟು ಬರಬೇಡಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ. ಬೆವರಿನಲ್ಲಿ ನೆಂದ ಅಂಗಿಗೆ ತುದಿಯ ಗಾಳಿ ತಾಗಿದರೆ ಹತ್ತೇ ನಿಮಿಷದಲ್ಲಿ ನಡುಕ ಹುಟ್ಟುತ್ತದೆ. ಎಲ್ಲ ಸೇರಿ ಚೀಲ ಆರು ಕೆಜಿ ದಾಟದಿರಲಿ.

ಊರುಗೋಲು ಇದ್ದರೆ ಬಹಳ ಒಳ್ಳೆಯದು, ಎರಡಿದ್ದರೆ ಇನ್ನೂ ಒಳ್ಳೆಯದು. ಹೋಮ್‌ಸ್ಟೇಗಳಲ್ಲಿ ಬಿದಿರಿನ ಕೋಲು ಇರುತ್ತದೆ, ಕೇಳಿ ಪಡೆಯಿರಿ. ದಾರಿಯಲ್ಲಿ ಮರದ ಕೊಂಬೆ ಮುರಿಯಬಾರದು.

ಮುಳ್ಳೋಡಿ ತಲುಪುವುದು

ಬೆಂಗಳೂರಿನಿಂದ ಕಳಸ, ಹೊರನಾಡಿಗೆ ರಾತ್ರಿ ಬಸ್ಸಿದೆ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಬರಬಹುದು. ಕಳಸದಿಂದ ಕುದುರೆಮುಖದ ರಸ್ತೆಯಲ್ಲಿ ಸಂಸೆ, ಬಾಳೆಗಲ್ ಸಿಗುತ್ತವೆ. ಅಲ್ಲಿಂದ ಮುಳ್ಳೋಡಿಗೆ ಜೀಪು ಮಾತ್ರ. ದಾರಿ ಕಲ್ಲು, ಗುಂಡಿ, ಕೆಸರು. ಕಾರು ಇಳಿಸುವ ಸಾಹಸ ಬೇಡ.

ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಅದೇ ಬೆಳಿಗ್ಗೆ ಬೆಟ್ಟ ಹತ್ತುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ನಿದ್ದೆ ಇಲ್ಲದ ದಿನ ಮಧ್ಯಾಹ್ನ ಎರಡು ಗಂಟೆಗೆ ಕಾಲು ತಪ್ಪುತ್ತದೆ, ಆಗ ನೀವು ಇಳಿಜಾರಿನಲ್ಲಿರುತ್ತೀರಿ. ಹಿಂದಿನ ದಿನವೇ ಬಂದು ಮುಳ್ಳೋಡಿ ಅಥವಾ ಸಂಸೆಯ ಹೋಮ್‌ಸ್ಟೇಯಲ್ಲಿ ಮಲಗಿ. ಒಂದು ರಾತ್ರಿಯ ಬಾಡಿಗೆಗೆ ಇಡೀ ದಿನ ನೆಟ್ಟಗಾಗುತ್ತದೆ. ಫೋನ್ ಸಿಗ್ನಲ್ ನಂಬಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ವಾಪಸ್ ಅಂತ ಹೋಮ್‌ಸ್ಟೇಯವರಿಗೂ ಮನೆಗೂ ಹೊರಡುವ ಮುಂಚೆಯೇ ಹೇಳಿಡಿ.

ಗಡಿಯಾರ

ಸಂಜೆ ಐದಕ್ಕೆ ಮುಳ್ಳೋಡಿಯಲ್ಲಿರಬೇಕು ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಶೋಲಾ, ಅಂದರೆ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡಿನ ಒಳಗೆ ಅದಕ್ಕಿಂತ ಬಹಳ ಮುಂಚೆ ಕತ್ತಲು. ಇಳಿಯಲು ಮೂರೂವರೆ ಗಂಟೆ ಬೇಕು. ಅಂದರೆ ಒಂದೂವರೆಗೆ ತುದಿಯಿಂದ ಹೊರಟಿರಬೇಕು. ಹತ್ತಲು ಸುಮಾರು ನಾಲ್ಕೂವರೆಯಿಂದ ಐದು ಗಂಟೆ. ಮೇಲೆ ಅರ್ಧ ಗಂಟೆ ಊಟ, ವಿಶ್ರಾಂತಿ. ಬೆಳಿಗ್ಗೆ ಏಳಕ್ಕೆ ಹೆಜ್ಜೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ, ಸ್ವಲ್ಪ ಮಿಕ್ಕುತ್ತದೆ ಕೂಡ. ಗೈಡ್ ಇದಕ್ಕಿಂತ ಬೇಗ ತಿರುಗಿ ಅಂದರೆ ಅವರ ಮಾತೇ ಕೊನೆ.

ಹಿಂತಿರುಗುವ ಗಂಟೆಯನ್ನು ಬೆಳಿಗ್ಗೆಯೇ ಗುಂಪಿನಲ್ಲಿ ಎಲ್ಲರ ಎದುರು ಹೇಳಿಕೊಳ್ಳಿ. ತುದಿ ಕಣ್ಣೆದುರು ಕಾಣುವಾಗ ಆ ತೀರ್ಮಾನ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಒಂದೂವರೆಗೆ ನೀವು ಎಲ್ಲಿದ್ದೀರೋ ಅದೇ ಅವತ್ತಿನ ತುದಿ.

ದಾರಿಯಲ್ಲಿ

ಶುರುವಿನಲ್ಲಿ ಮನೆ, ಗದ್ದೆ, ಚೂರು ಕಾಡು. ಹಳ್ಳಗಳು ಅಡ್ಡ ಬರುತ್ತವೆ. ಕಲ್ಲಿನ ಮೇಲೆ ಹಾರಿ ಹಾರಿ ದಾಟುವ ಆಸೆಯಾಗುತ್ತದೆ, ಆದರೆ ಪಾಚಿ ಕಟ್ಟಿದ ಕಲ್ಲು ಮೋಸ ಮಾಡುತ್ತದೆ. ಶೂ ನೆನೆದರೂ ಪರವಾಗಿಲ್ಲ, ತಳ ಕಾಣುವ ನೀರಿನಲ್ಲಿ ಕಾಲಿಟ್ಟು ಕೋಲೂರಿ ದಾಟಿ. ಮಳೆ ಬಂದು ನೀರು ಕೆಂಪಾಗಿ ಮಂಡಿಗೇರಿದ್ದರೆ ಇಳಿಯಬೇಡಿ, ಕಾಯಿರಿ.

ಮೊದಲ ಒಂದು ಗಂಟೆ ಬೇಕೆಂದೇ ನಿಧಾನ ಹೋಗಿ. ಹುರುಪಿನಲ್ಲಿ ಓಡುವವರು ಒಂಟಿಮರ (ದಾರಿಯಲ್ಲಿ ಗುರುತಿಗೆ ಸಿಗುವ ಒಂಟಿ ಮರದ ಜಾಗ) ತಲುಪುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತಾರೆ. ಅಳತೆ ಒಂದೇ: ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಗಿದೆ. ಕಡಿದಾದ ಏರಿನಲ್ಲಿ ಹೆಜ್ಜೆ ಚಿಕ್ಕದಾಗಲಿ, ಅಂಗಾಲು ಪೂರ್ತಿ ನೆಲಕ್ಕೆ ತಾಗಲಿ. ಬೆರಳ ತುದಿಯಲ್ಲಿ ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ತೀರಾ ಕಡಿದಾದಲ್ಲಿ ಹಿಂದಿನ ಕಾಲನ್ನು ನೆಟ್ಟಗೆ ಮಾಡಿ ಒಂದು ಕ್ಷಣ ಅದರ ಮೇಲೆ ಭಾರ ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ ಇಡಿ. ಆ ಒಂದು ಕ್ಷಣದಲ್ಲಿ ಸ್ನಾಯುವಿಗೆ ಬಿಡುವು ಸಿಗುತ್ತದೆ. ನೂರಾರು ಹೆಜ್ಜೆಗೆ ಸೇರಿ ಅದು ದೊಡ್ಡ ಉಳಿತಾಯ.

ನಲವತ್ತೈದು ನಿಮಿಷಕ್ಕೊಮ್ಮೆ ಐದು ನಿಮಿಷ ನಿಲ್ಲಿ. ಒಂದೆರಡು ಗುಟುಕು ನೀರು, ಒಂದು ಹಿಡಿ ಕಡಲೆಬೀಜ. ಹಸಿವಾಗುವ ತನಕ ಕಾಯಬೇಡಿ. ಹದಿನೈದು ನಿಮಿಷ ಕೂತರೆ ಮೈ ತಣ್ಣಗಾಗಿ ಮತ್ತೆ ಏಳಲು ಕಷ್ಟ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಅವರು ಹಿಂದೆ ಉಳಿದರೆ ಮುಂದಿನವರು ನಿಂತು ಸುಧಾರಿಸಿಕೊಳ್ಳುತ್ತಾರೆ, ಇವರು ಬಂದ ತಕ್ಷಣ ಹೊರಡುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಒಂಟಿಮರ ದಾಟಿದ ಮೇಲೆ ಬಯಲು ಹುಲ್ಲುಗುಡ್ಡ, ನಡುನಡುವೆ ಕಣಿವೆಯಲ್ಲಿ ಶೋಲಾ ಕಾಡು. ಈ ಎರಡೂ ಸೇರಿಯೇ ಇಲ್ಲಿನ ಮಳೆನೀರನ್ನು ಹೀರಿ ಹಿಡಿದು, ವರ್ಷವಿಡೀ ಹಳ್ಳಕ್ಕೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಉದ್ಯಾನದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಹಾಗಾಗಿ ಹುಲ್ಲಿನ ಮೇಲೆ ಅಡ್ಡದಾರಿ ಮಾಡಬೇಡಿ. ನಾಲ್ಕು ಜನ ತುಳಿದ ಜಾಗದಲ್ಲಿ ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗಿ ಕೊರಕಲು ಬೀಳುತ್ತದೆ. ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ಕಬ್ಬಿಣದ ಅದಿರಿಗಾಗಿ ಹತ್ತಾರು ವರ್ಷ ಗಣಿ ನಡೆಯಿತು. ಜನ ಹೋರಾಡಿ, ಸುಪ್ರೀಂ ಕೋರ್ಟ್ ಆದೇಶವಾಗಿ, 2005ರ ಕೊನೆಗೆ ಅದು ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುಡ್ಡ ಇದು. ಕಾಲ್ದಾರಿ ಬಿಟ್ಟು ಹೋಗದಿರುವುದು ನಮ್ಮ ಪಾಲಿನ ಚಿಕ್ಕ ಕೆಲಸ.

ಶೋಲಾ ಒಳಗೆ ಉಂಬಳ (ಜಿಗಣೆ) ಇರುತ್ತವೆ, ಮಳೆ ಮುಗಿದ ಹೊಸತರಲ್ಲಿ ಜಾಸ್ತಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಸಾಕ್ಸ್ ಮೇಲೆ ಹೊಗೆಸೊಪ್ಪಿನ ಪುಡಿ, ಸುಣ್ಣ ಹಚ್ಚುವುದು ಮಲೆನಾಡಿನ ಹಳೆಯ ಉಪಾಯ. ಹತ್ತಿದರೆ ಗಾಬರಿ ಬೇಡ, ಕಿತ್ತೆಳೆಯಲೂ ಬೇಡ. ಬಾಯಿ ಅಂಟಿದ ಕಡೆ ಉಗುರನ್ನು ಓರೆಯಾಗಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ರಸ ಬಿಡುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ತೊಳೆದು ಒತ್ತಿ ಹಿಡಿಯಿರಿ, ಸಾಕು.

ಕಾಟಿ (ಕಾಡುಕೋಣ) ಕಂಡರೆ ಫೋಟೋಗೆ ಹತ್ತಿರ ಹೋಗಬೇಡಿ. ನಿಂತು, ಗೈಡ್ ಹೇಳಿದ ಹಾಗೆ ದೂರ ಬಿಟ್ಟು ಸಾಗಿ. ಜೋರಾಗಿ ಹಾಡು ಹಾಕಿಕೊಂಡು ನಡೆಯುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ, ಅದು ಪ್ರಾಣಿಗೂ ಹಿಂಸೆ, ಮನುಷ್ಯರಿಗೂ ಹಿಂಸೆ.

ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಗುಡುಗಿನ ಸದ್ದು ಕೇಳಿದರೆ ತುದಿಯ ಆಸೆ ಬಿಟ್ಟು ಗುಡ್ಡದ ಬೆನ್ನಿನಿಂದ ತಗ್ಗಿಗೆ ಇಳಿಯಿರಿ. ಒಂಟಿಮರದ ಕೆಳಗೆ ಮಾತ್ರ ನಿಲ್ಲಬೇಡಿ. ಬಯಲಲ್ಲಿ ಒಂಟಿಯಾಗಿ ನಿಂತ ಮರಕ್ಕೇ ಸಿಡಿಲು ಬಡಿಯುವ ಸಾಧ್ಯತೆ ಹೆಚ್ಚು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಮೇಲೆ ಹೋಗಬಾರದು.

ತುದಿಯಲ್ಲಿ

ಕೊನೆಯ ಏರು ಮುಗಿದಾಗ ಗಾಳಿ ಮುಖಕ್ಕೆ ಹೊಡೆಯುತ್ತದೆ. ಮೊದಲು ಸ್ವೆಟರ್, ಆಮೇಲೆ ಫೋಟೋ. ಮೋಡ ಸರಿದರೆ ಪಶ್ಚಿಮಕ್ಕೆ ಘಟ್ಟ ಕಡಿದು ಬಿದ್ದು ಕರಾವಳಿಯ ಕಡೆ ಇಳಿಯುವುದು ಕಾಣುತ್ತದೆ. ಅಂಚಿನ ಹುಲ್ಲು ನೆಲದ ಹಾಗೆ ಕಂಡರೂ ಅದರ ಕೆಳಗೆ ನೆಲ ಇರಬೇಕು ಅಂತೇನಿಲ್ಲ. ಅಂಚಿನಿಂದ ಹತ್ತು ಹೆಜ್ಜೆ ಹಿಂದೆಯೇ ಇರಿ. ಬುತ್ತಿ ಅರ್ಧ ತಿನ್ನಿ, ಉಳಿದ ಅರ್ಧ ಕೆಳಗೆ ಹಳ್ಳದ ಹತ್ತಿರ. ಹೊಟ್ಟೆ ಬಿರಿಯ ತಿಂದು ಇಳಿಯುವುದು ಹಿಂಸೆ. ಕನಿಷ್ಠ ಒಂದು ಲೀಟರ್ ನೀರು ಉಳಿದಿರಲಿ.

ಇಳಿಯುವ ಮುಂಚೆ ಶೂ ಬಿಚ್ಚಿ. ಸಾಕ್ಸ್ ಬದಲಿಸಿ, ಹಿಮ್ಮಡಿ ಕೆಂಪಾಗಿದ್ದರೆ ಈಗಲೇ ಬ್ಯಾಂಡೇಜ್ ಹಾಕಿ. ಮತ್ತೆ ಹಾಕಿಕೊಳ್ಳುವಾಗ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದೆ ಕೂರಿಸಿ, ಗಿಣ್ಣಿನ ಹತ್ತಿರ ಲೇಸು ಬಿಗಿಯಿರಿ. ಪಾದ ಮುಂದಕ್ಕೆ ಜಾರುವುದಿಲ್ಲ, ಉಗುರು ಉಳಿಯುತ್ತದೆ.

ಇಳಿಯುವಾಗ

ಈಗ ಓಡುವ ಆಸೆ ಬರುತ್ತದೆ. ಇಳಿಜಾರು ತಾನೇ ಎಳೆಯುತ್ತದೆ, ಉಸಿರು ಕಟ್ಟುವುದಿಲ್ಲ, ಸುಲಭ ಅನ್ನಿಸುತ್ತದೆ. ಮೊದಲ ಅರ್ಧ ಗಂಟೆ ಓಡಿದವರ ತೊಡೆ ಕೊನೆಯ ಒಂದು ಗಂಟೆ ನಡುಗುತ್ತದೆ. ಮಂಡಿ ಯಾವತ್ತೂ ಚೂರು ಮಡಚಿರಲಿ, ಕಾಲು ಸೆಟೆದು ಊರಬೇಡಿ. ಹೆಜ್ಜೆ ಚಿಕ್ಕದು, ಮೈ ತುಸು ಮುಂದಕ್ಕೆ. ಹೆದರಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಕೂತೇ ಬಿಡುತ್ತೀರಿ. ಕೋಲನ್ನು ಹತ್ತುವಾಗ ಹಿಡಿದದ್ದಕ್ಕಿಂತ ಸ್ವಲ್ಪ ಉದ್ದವಾಗಿ ಹಿಡಿದು, ಮೊದಲು ಕೋಲು, ಆಮೇಲೆ ಕಾಲು.

ಕಡಿದಾದ ಮಣ್ಣಿನಲ್ಲಿ ನೇರ ಇಳಿಯದೆ ಕಾಲ್ದಾರಿಯ ಅಗಲದೊಳಗೇ ಓರೆಯಾಗಿ, ಅಡ್ಡ ಹೆಜ್ಜೆ ಇಟ್ಟು ಇಳಿಯಿರಿ. ಒಣ ಮಣ್ಣಿನ ಮೇಲೆ ಹರಳು ಕಲ್ಲಿದ್ದರೆ ಅದು ಗಾಲಿಯಂತೆ ಉರುಳುತ್ತದೆ, ಗಟ್ಟಿ ಹುದುಗಿದ ಕಲ್ಲಿನ ಮೇಲೆ ಹೆಜ್ಜೆ ಹುಡುಕಿ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ನೋಟ ಎರಡು ಮೂರು ಹೆಜ್ಜೆ ಮುಂದಿರಲಿ. ಸುತ್ತಲಿನ ಚೆಲುವು ನೋಡಬೇಕಾದರೆ ನಿಲ್ಲಿ, ನಡೆಯುವಾಗ ನೆಲ ನೋಡಿ. ನೀರು, ತಿಂಡಿ ಮರೆಯುವುದೂ ಇಲ್ಲೇ. ಬೆಳಿಗ್ಗೆಯ ಹಾಗೆಯೇ ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿ.

ಯಾರಿಗಾದರೂ ಕಾಲು ಹಿಡಿದುಕೊಂಡರೆ ಕೂರಿಸಿ, ಪಾದವನ್ನು ಮೆಲ್ಲಗೆ ಮಂಡಿಯ ಕಡೆ ಬಾಗಿಸಿ ಹಿಡಿಯಿರಿ, ಓಆರ್‌ಎಸ್ ಕುಡಿಸಿ. ಕಾಲು ಉಳುಕಿದರೆ ಶೂ ಬಿಚ್ಚಬೇಡಿ. ಬಿಚ್ಚಿದರೆ ಊದಿಕೊಂಡು ಮತ್ತೆ ಹೋಗುವುದಿಲ್ಲ. ಲೇಸು ಬಿಗಿದು, ಅವರ ಚೀಲ ಬೇರೆಯವರು ಹೊತ್ತು, ಇಬ್ಬರ ನಡುವೆ ನಡೆಸಿ. ತಲೆಸುತ್ತು, ತೊದಲು ಮಾತು, ಬೆವರು ನಿಂತು ಒಣಗಿದ ಬಿಸಿ ಮೈ ಇದ್ದರೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ಹಾಕಿ, ತಕ್ಷಣ ಗೈಡ್‌ಗೆ ಹೇಳಿ. ಎದೆ ಬಿಗಿತ ಅಂದರೂ ಹಾಗೆಯೇ, "ಸುಧಾರಿಸಿಕೊಳ್ತೀನಿ ಬಿಡಿ" ಅನ್ನುವ ಮಾತು ಕೇಳಬೇಡಿ. ಗುಂಪು ಒಡೆಯಬೇಡಿ. ಗಾಯಾಳು ಜೊತೆ ಒಬ್ಬರಾದರೂ ಇರಲೇಬೇಕು.

ಮುಳ್ಳೋಡಿಗೆ ಬಂದ ಮೇಲೆ

ನಿಂತ ತಕ್ಷಣ ಕೂರಬೇಡಿ. ಐದು ನಿಮಿಷ ಸಪಾಟು ಜಾಗದಲ್ಲಿ ನಡೆದು, ತೊಡೆ ಮತ್ತು ಮೀನಖಂಡ ಎಳೆದು ಸಡಿಲಿಸಿ. ಉಂಬಳ ಉಳಿದಿದೆಯಾ ಅಂತ ಬೆರಳ ಸಂದಿ, ಮಂಡಿಯ ಹಿಂಭಾಗ, ಸೊಂಟದ ಸುತ್ತ ನೋಡಿಕೊಳ್ಳಿ. ಗೈಡ್ ಅಣ್ಣನಿಗೆ ಎಲ್ಲರೂ ಬಂದಿದ್ದೇವೆ ಅಂತ ತಲೆ ಎಣಿಸಿ ಹೇಳಿ, ಮನೆಗೆ ಸುದ್ದಿ ಮುಟ್ಟಿಸಿ. ಬಿಸಿನೀರು ಸ್ನಾನ, ಬಿಸಿ ಅನ್ನ ಸಾರು, ನಿದ್ದೆ. ಅದೇ ರಾತ್ರಿ ಘಟ್ಟದ ತಿರುವುಗಳಲ್ಲಿ ಕಾರು ಓಡಿಸಿಕೊಂಡು ಊರಿಗೆ ಹೊರಡಬೇಡಿ, ದಣಿದ ಕಣ್ಣಿಗೆ ನಿದ್ದೆ ಹೇಳದೆ ಬರುತ್ತದೆ.

ನೋವು ಅವತ್ತು ಇರುವುದಿಲ್ಲ. ಎರಡನೇ ದಿನ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ, ಮೂರು ನಾಲ್ಕನೇ ದಿನಕ್ಕೆ ಇಳಿಯುತ್ತದೆ. ಆ ಎರಡು ದಿನ ಮಲಗೇ ಇರಬೇಡಿ, ನಿಧಾನವಾಗಿ ಓಡಾಡಿ. ಎರಡೂ ತೊಡೆ ಒಂದೇ ಥರ ನೋಯುತ್ತಿದ್ದರೆ ಅದು ಸ್ನಾಯುವಿನ ನೋವು, ತಾನೇ ಹೋಗುತ್ತದೆ. ಒಂದೇ ಮಂಡಿ ಊದಿಕೊಂಡಿದ್ದರೆ, ಭಾರ ಹಾಕಲು ಆಗದಿದ್ದರೆ, ಅಥವಾ ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.